ಶಿಕ್ಷಕರ ಸೆಮಿನರಿಯಲ್ಲಿ ಉಳಿ ಮತ್ತು ಬಾಚಿ

'ಸೆಮಿನರಿ' ಎಂಬ ಮಾತು ಕಿವಿಗೆ ಬಿದ್ದೊಡನೆ ಈ ಪತ್ರಿಕೆಯ ಓದುಗರ ಮನಸ್ಸಿಗೆ ಬರುವುದು ಗುರುಮಠ: ಬಿಳಿಯ ನಿಲುವಂಗಿ, ಪ್ರಾರ್ಥನಾಲಯದ ಗಂಟೆ, ತತ್ತ್ವಶಾಸ್ತ್ರ, ದೈವಶಾಸ್ತ್ರ. ಆದರೆ ಆ ಲತೀನ್ ಪದದ ಮೂಲಾರ್ಥ ತೀರ ಮಣ್ಣಿನದು. 'ಸೆಮಿನಾರಿಯುಮ್' ಎಂದರೆ ಬೀಜ ಬಿತ್ತಿ ಸಸಿ ಎಬ್ಬಿಸುವ ಸ್ಥಳ. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಸಸಿಮಡಿ. 1563ರಲ್ಲಿ ಟ್ರೆಂಟ್ ಮಹಾಸಭೆಯು ಧರ್ಮಪ್ರಾಂತ್ಯಗಳು ತಮ್ಮ ಯಾಜಕರನ್ನು ರೂಪಿಸಲು ಇಂತಹ ಸಸಿಮಡಿಗಳನ್ನು ಸ್ಥಾಪಿಸಬೇಕೆಂದು ವಿಧಿಸಿತು. ಅದಾಗಿ ಸರಿಯಾಗಿ ಮುನ್ನೂರು ವರ್ಷಗಳ ನಂತರ, 1863ರಲ್ಲಿ, ಯೂರೋಪಿನ ಉತ್ತರದ ಅಂಚಿನಲ್ಲಿರುವ ಫಿನ್‌ಲೆಂಡಿನ ಯುವಾಸ್ಕುಲಾ ಎಂಬ ಪುಟ್ಟ ಪಟ್ಟಣದಲ್ಲಿ ಬೇರೊಂದು ಬಗೆಯ ಸೆಮಿನರಿ ಬಾಗಿಲು ತೆರೆಯಿತು. ಅಲ್ಲಿ ರೂಪುಗೊಳ್ಳಬೇಕಾಗಿದ್ದವರು ಯಾಜಕರಲ್ಲ, ಹಳ್ಳಿಶಾಲೆಗಳ ಶಿಕ್ಷಕರು. ಅವರು ಕಲಿಯಬೇಕಾಗಿದ್ದ ವಿಷಯಗಳಲ್ಲಿ ವೇದಪಾಠ, ಗಣಿತ, ಭಾಷೆಗಳ ಜೊತೆಗೆ ಮರಗೆಲಸ, ಕಡೆತದ ಕೆಲಸ, ಕಮ್ಮಾರಿಕೆ, ಬುಟ್ಟಿ ಹೆಣೆಯುವುದು, ತೋಟಗಾರಿಕೆ ಇವೆಲ್ಲ ಸೇರಿದ್ದವು.

ಈ ವಿಚಿತ್ರ ಪಠ್ಯಕ್ರಮದ ಹಿಂದಿದ್ದವರು ಊನೊ ಸಿಗ್ನೇಯಸ್. 1810ರಲ್ಲಿ ಜನಿಸಿದ ಇವರು ಲೂಥರನ್ ಸಭೆಯ ಪಾಲಕರು. 1840ರಿಂದ 1845ರವರೆಗೆ ಅಲಾಸ್ಕಾದ ಸಿಟ್ಕಾ ಎಂಬಲ್ಲಿ, ಆಗ ರಷ್ಯನ್-ಅಮೆರಿಕನ್ ಕಂಪನಿಯ ನೆಲೆಯಾಗಿದ್ದ ಆ ಕಡಲತೀರದ ವಸಾಹತಿನಲ್ಲಿ, ಸಭಾಪಾಲನೆ ಮಾಡಿದರು. ಆ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೇಂಟ್ ಪೀಟರ್ಸ್‌ಬರ್ಗಿನ ಫಿನ್ನಿಷ್ ಸಭೆಯ ಶಾಲೆಯನ್ನು ನಡೆಸಿದರು. ಹೊಟ್ಟೆಪಾಡಿಗಾಗಿ ರಾಜಧಾನಿಗೆ ಬಂದು ಸೇರಿದ ಬಡವರ ಮಕ್ಕಳನ್ನು ಅಲ್ಲಿ ದಿನವೂ ಕಂಡವರಿಗೆ, ಕೇವಲ ಬಾಯಿಪಾಠದ ಶಿಕ್ಷಣ ಎಷ್ಟು ದೂರ ನಡೆದೀತು ಎಂಬ ಪ್ರಶ್ನೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಪೆಸ್ತಲೋಜ್ಜಿ, ಫ್ರೋಬೆಲ್ ಎಂಬ ಇಬ್ಬರು ಶಿಕ್ಷಣ ಚಿಂತಕರ ಗ್ರಂಥಗಳು ಅವರ ಕೈಗೆ ಬಂದದ್ದೂ ಈ ಕಾಲದಲ್ಲೇ.

ಫಿನ್‌ಲೆಂಡ್ ಆಗ ರಷ್ಯದ ತ್ಸಾರನ ಆಳ್ವಿಕೆಗೆ ಒಳಪಟ್ಟಿತ್ತು. ವಿದ್ಯಾವಂತರ ಭಾಷೆ ಸ್ವೀಡಿಷ್. ಹೊಲದಲ್ಲಿ ದುಡಿಯುವವರ ಭಾಷೆ ಫಿನ್ನಿಷ್. ಜನಸಾಮಾನ್ಯರಿಗೆ ಶಾಲೆಗಳನ್ನು ಕಟ್ಟುವ ಯೋಜನೆಗೆ ಚಾಲನೆ ದೊರೆತಾಗ ಸಿಗ್ನೇಯಸರನ್ನು 1858–59ರಲ್ಲಿ ಯೂರೋಪಿನ ಶಾಲೆಗಳ ಅಧ್ಯಯನಕ್ಕೆ ಕಳುಹಿಸಲಾಯಿತು. ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ಆಸ್ಟ್ರಿಯ, ಸ್ವಿಟ್ಸರ್ಲೆಂಡ್ ಹೀಗೆ ಊರೂರು ಅಲೆದ ಅವರ ಮನಸ್ಸನ್ನು ಹಿಡಿದದ್ದು ಸ್ವಿಟ್ಸರ್ಲೆಂಡಿನ ವೆಟ್ಟಿಂಗನ್ ಶಿಕ್ಷಕರ ಸೆಮಿನರಿ. ಅಲ್ಲಿನ ಶಿಕ್ಷಣಾರ್ಥಿಗಳು ಪಾಠ ಓದುವುದರ ಜೊತೆಗೆ ಹೊಲಗೆಲಸವನ್ನೂ ಮಾಡುತ್ತಿದ್ದರು.

ವೆಟ್ಟಿಂಗನ್ ಎಂಬ ಹೆಸರನ್ನು ಕಥೋಲಿಕನೊಬ್ಬ ಸುಮ್ಮನೆ ದಾಟಿಹೋಗಲಾರ. ಅದು 1227ರಲ್ಲಿ ಸ್ಥಾಪನೆಯಾದ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠ. ಸಂತ ಬೆನೆಡಿಕ್ಟರ ನಿಯಮದಂತೆ ಪ್ರಾರ್ಥನೆ ಮತ್ತು ಕೈದುಡಿಮೆ ಎರಡನ್ನೂ ಒಂದೇ ದಿನಚರಿಯಲ್ಲಿ ಹೆಣೆದು ಆರು ಶತಮಾನ ಬಾಳಿದ ಮಠ. 1841ರಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಸನ್ಯಾಸಿಗಳು ಗಡಿ ದಾಟಿ ಬೇರೆಡೆ ನೆಲೆ ಹುಡುಕಿಕೊಂಡರು. ಬರಿದಾದ ಕಟ್ಟಡಕ್ಕೆ ಕೆಲವೇ ವರ್ಷಗಳಲ್ಲಿ ಶಿಕ್ಷಕರ ಸೆಮಿನರಿ ಬಂತು. ಮಠವನ್ನು ಮುಚ್ಚಿದವರು ಗದ್ದೆಯನ್ನು ಉಳಿಸಿಕೊಂಡರು, ಗದ್ದೆಯಲ್ಲಿ ದುಡಿಯುವ ಪದ್ಧತಿಯನ್ನೂ ಉಳಿಸಿಕೊಂಡರು! ಲೂಥರನ್ ಪಾಲಕರೊಬ್ಬರು ಅದನ್ನು ಕಂಡು ಮೆಚ್ಚಿ ತಮ್ಮ ನಾಡಿಗೆ ಕೊಂಡೊಯ್ದರು. ಚರಿತ್ರೆಯ ಇಂತಹ ಓರೆದಾರಿಗಳನ್ನು ದೈವಪಾಲನೆ ಎನ್ನಬೇಕೋ ವಿನೋದವೆನ್ನಬೇಕೋ, ಓದುಗರೇ ತೀರ್ಮಾನಿಸಲಿ.

ಯುವಾಸ್ಕುಲಾದ ಸೆಮಿನರಿ ಮೊದಲು ನಡೆದದ್ದು ಬಾಡಿಗೆಯ ಮನೆಗಳಲ್ಲಿ. ಫಿನ್ನಿಷ್ ಭಾಷೆಯಲ್ಲಿ ಬೋಧಿಸಿದ ಮೊಟ್ಟಮೊದಲ ಶಿಕ್ಷಕರ ತರಬೇತಿ ಸಂಸ್ಥೆ ಅದು. ಆರಂಭದಿಂದಲೇ ಗಂಡಸರಿಗೊಂದು, ಹೆಂಗಸರಿಗೊಂದು ವಿಭಾಗವಿತ್ತು. ಪಕ್ಕದಲ್ಲೇ ಒಂದು ಮಾದರಿ ಶಾಲೆ. ಶಿಕ್ಷಣಾರ್ಥಿಗಳು ಕಲಿತದ್ದನ್ನು ಅಲ್ಲಿನ ಮಕ್ಕಳ ಮುಂದೆ ಪರೀಕ್ಷಿಸಿ ನೋಡಬೇಕು. ಎಳೆಯ ಮಕ್ಕಳ ಪಾಲನೆಯನ್ನು ಕಲಿಸಲು ಶಿಶುಪಾಲನಾ ವಿಭಾಗವೂ ಇತ್ತು. ಮರಗೆಲಸದ ಕೊಠಡಿಯಲ್ಲಿ ನಾಳಿನ ಮೇಷ್ಟರು ತೋಪಡ ಹಿಡಿದು ಹಲಗೆ ನಯಮಾಡುತ್ತಿದ್ದಾಗ, ಅದನ್ನು ನೋಡಿ ನಕ್ಕವರು ಕಡಿಮೆಯೇನಲ್ಲ. ಮಗ ಮೇಷ್ಟರಾಗಲೆಂದು ಕಳುಹಿಸಿದ ರೈತನಿಗೆ, ಅವನು ಅಲ್ಲಿ ಹೋಗಿ ಮತ್ತೆ ಬುಟ್ಟಿಯನ್ನೇ ಹೆಣೆಯುತ್ತಾನೆಂದರೆ ಹೇಗನಿಸಿರಬೇಡ! ನಮ್ಮ ನಾಡಿನ ತಂದೆತಾಯಿಗಳೂ ಇಂದಿಗೂ ಅದನ್ನೇ ಕೇಳುತ್ತಾರೆ.

ಸಿಗ್ನೇಯಸರ ಉತ್ತರದಲ್ಲಿ ಎರಡು ಎಳೆಗಳಿದ್ದವು. ಶಾಲೆಯ ಕೈಗೆಲಸ ಬಡಗಿಯನ್ನು ತಯಾರಿಸಲಿಕ್ಕಲ್ಲ ಎಂಬುದು ಮೊದಲಿನದು. ಅದು ಕಣ್ಣಿಗೆ ಆಕಾರದ ಅರಿವನ್ನೂ ಕೈಗೆ ಚುರುಕನ್ನೂ ಮನಸ್ಸಿಗೆ ಸೌಂದರ್ಯದ ಹದವನ್ನೂ ಕೊಡುವ ಶಿಕ್ಷಣ. ಆದ್ದರಿಂದ ಅದು ಸಾಹುಕಾರನ ಮಗನಿಗೂ ಬೇಕು, ಪಾಲಕನ ಮಗನಿಗೂ ಬೇಕು. ಎರಡನೆಯ ಎಳೆ ಮೊದಲನೆಯದರಿಂದಲೇ ಹುಟ್ಟುತ್ತದೆ. ಕೈಗೆಲಸ ಶಿಕ್ಷಣವೇ ಆಗಿದ್ದರೆ ಅದನ್ನು ಕಲಿಸಬೇಕಾದವನು ಹೊರಗಿನಿಂದ ಕೂಲಿಗೆ ಕರೆತಂದ ಕಸುಬುದಾರನಲ್ಲ, ತರಗತಿಯ ಶಿಕ್ಷಕನೇ. ಕಸುಬುದಾರನ ಗಮನ ವಸ್ತುವಿನ ಮೇಲೆ. ಕುರ್ಚಿ ಚೆನ್ನಾಗಿ ಬರಬೇಕು, ಬೇಗ ಬರಬೇಕು. ಶಿಕ್ಷಕನ ಗಮನ ಮಗುವಿನ ಮೇಲೆ. ಕುರ್ಚಿ ಸೊಟ್ಟಗಾದರೂ ಚಿಂತೆಯಿಲ್ಲ. ಹಾಗಾಗಿ ಉಳಿ, ಬಾಚಿ ಮೊದಲು ಹೋಗಬೇಕಾದದ್ದು ಶಾಲೆಗಲ್ಲ, ಶಿಕ್ಷಕರ ಸೆಮಿನರಿಗೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಹೊಸತನ ಇರುವುದು ಇಲ್ಲಿ. ಮಕ್ಕಳಿಗೆ ಕೈಗೆಲಸ ಕಲಿಸಬೇಕೆಂದವರು ಅವರಿಗಿಂತ ಮುಂಚೆಯೂ ಇದ್ದರು. ಮೇಷ್ಟರ ಕೈಯೇ ಮೊದಲು ಒರಟಾಗಬೇಕೆಂದು ಪಟ್ಟುಹಿಡಿದವರು ವಿರಳ.

1866ರ ಶಾಲಾ ಆಜ್ಞೆಯು ಗ್ರಾಮಾಂತರ ಶಾಲೆಗಳ ಬಾಲಕರಿಗೂ ಶಿಕ್ಷಕರ ಸೆಮಿನರಿಯ ಪುರುಷ ಅಭ್ಯರ್ಥಿಗಳಿಗೂ ಕೈಗೆಲಸವನ್ನು ಕಡ್ಡಾಯಗೊಳಿಸಿತು. ಜಗತ್ತಿನಲ್ಲಿ ಹೀಗೆ ಮಾಡಿದ ಮೊದಲ ದೇಶ ಫಿನ್‌ಲೆಂಡ್. ಆ ವರ್ಷವನ್ನು ಓದುಗರು ಗಮನಿಸಬೇಕು. 1866ರಿಂದ 1868ರವರೆಗೆ ಆ ನಾಡು ಭೀಕರ ಬರಗಾಲಕ್ಕೆ ತುತ್ತಾಯಿತು. ಜನಸಂಖ್ಯೆಯ ಸುಮಾರು ಶೇ. 8ರಷ್ಟು ಮಂದಿ ಹಸಿವು ಮತ್ತು ರೋಗಗಳಿಗೆ ಬಲಿಯಾದರು. ಮರದ ತೊಗಟೆಯನ್ನು ಹಿಟ್ಟಿಗೆ ಬೆರೆಸಿ ರೊಟ್ಟಿ ಸುಟ್ಟ ದಿನಗಳವು. ಅಂತಹ ಹೊತ್ತಿನಲ್ಲಿ ಕೈಗೆಲಸದಿಂದ ಕಾಸು ಹುಟ್ಟಬೇಕು, ಶಾಲೆ ಎಂದರೆ ಕಾರ್ಖಾನೆಯಾಗಬೇಕು ಎಂಬ ಕೂಗು ಏಳುವುದು ಸಹಜ. ಆ ಒತ್ತಡದ ನಡುವೆಯೂ 'ಇದು ಸಂಪಾದನೆಗಲ್ಲ, ಶಿಕ್ಷಣಕ್ಕೆ' ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು.

ಈ ಸೆಮಿನರಿಯ ಮಾತು ಹೊರಜಗತ್ತಿಗೆ ತಲುಪಿದ್ದು ಸ್ವೀಡನ್ನಿನ ಒಂದು ಸರೋವರದ ದಂಡೆಯಿಂದ. ಗಾಥೆನ್‌ಬರ್ಗಿನ ಯೆಹೂದ್ಯ ವರ್ತಕ ಆಗಸ್ಟ್ ಅಬ್ರಹಾಮ್‌ಸನ್ 1868ರಲ್ಲಿ ನೇಸ್ ಎಂಬಲ್ಲಿ ಒಂದು ಜಹಗೀರನ್ನು ಕೊಂಡುಕೊಂಡರು. ಅವರ ಸೋದರಳಿಯ ಒಟ್ಟೊ ಸಾಲೊಮನ್ ಅಲ್ಲಿ ಮೊದಲು ಹುಡುಗರಿಗೊಂದು ಕಸುಬಿನ ಶಾಲೆಯನ್ನೂ, ಬಳಿಕ ಕೈಗೆಲಸದ ಶಿಕ್ಷಕರಿಗೊಂದು ಸೆಮಿನರಿಯನ್ನೂ ತೆರೆದರು. 1877ರಲ್ಲಿ ಸಾಲೊಮನ್ ಫಿನ್‌ಲೆಂಡಿಗೆ ಹೋಗಿ ಸಿಗ್ನೇಯಸರನ್ನು ಕಂಡರು. ಮರಳಿ ಬಂದವರ ವಿಚಾರವೇ ಬದಲಾಗಿತ್ತು. ಕಸುಬಿನ ಶಾಲೆಯನ್ನು ಕೈಬಿಟ್ಟು ಶಿಕ್ಷಕರ ತರಬೇತಿಯೊಂದನ್ನೇ ಹಿಡಿದರು. 'ಸ್ಲಾಯ್ಡ್' ಎಂಬ ಹೆಸರು ಲೋಕಪ್ರಸಿದ್ಧವಾದದ್ದು ಅವರಿಂದ. ಜಾಣ್ಮೆ, ಕೈಚಳಕ ಎಂಬ ಅರ್ಥದ ಹಳೆಯ ನಾರ್ಡಿಕ್ ಮಾತು ಅದು. ಕೈಚಳಕ ಎಂದಾಗ ನಮಗೂ ಶಿಲ್ಪಿ ನೆನಪಾಗುವಂತೆ ಜೇಬುಗಳ್ಳನೂ ನೆನಪಾಗುತ್ತಾನೆ. ಆ ಮಾತಿಗೂ ಹೀಗೆ ಎರಡು ಮುಖಗಳಿದ್ದವು.

ನೇಸ್‌ನ ಬೇಸಗೆ ಶಿಬಿರಗಳಿಗೆ ದೇಶದೇಶಗಳ ಶಿಕ್ಷಕರು ಬಂದರು. ಅಲ್ಲಿ ಅವರ ಕೈಗೆ ಮೊದಲು ಕೊಡುತ್ತಿದ್ದುದು ಚಾಕು. ಮಗುವಿಗೆ ಮನೆಯಲ್ಲೇ ಪರಿಚಿತವಾದ ಉಪಕರಣ ಅದು ಎಂಬುದು ಸಾಲೊಮನ್ನರ ವಾದ. ಹೂಗಿಡಕ್ಕೆ ಆಸರೆಯಾಗುವ ಕಡ್ಡಿಯಂತಹ ಸರಳ ವಸ್ತುವಿನಿಂದ ತೊಡಗಿ ಮರದ ಚಮಚ, ಸುತ್ತಿಗೆಯ ಹಿಡಿ ಹೀಗೆ ಒಂದೊಂದೇ ಮೆಟ್ಟಿಲೇರುವ ಮಾದರಿಗಳ ಸರಣಿ. ಎಲ್ಲವೂ ಮನೆಗೆ ಉಪಯೋಗವಾಗುವಂಥವು, ಅಲಂಕಾರದ ವಸ್ತುಗಳಿಗೆ ಅವಕಾಶವಿಲ್ಲ. ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡಿ ಮುಗಿಸಬೇಕು. ಶಿಕ್ಷಕ ನಡುವೆ ಕೈಹಾಕಿ ತಿದ್ದಿಕೊಡಬಾರದು. ಕೊನೆಯ ನಿಯಮ ಪಾಲಿಸುವುದು ಎಷ್ಟು ಕಷ್ಟವೆಂದು ಶಿಕ್ಷಕರಾಗಿರುವ ಓದುಗರಿಗೆ ಗೊತ್ತು.

ನಮ್ಮ ಧರ್ಮಸಭೆಯೂ ಕೈಗೆಲಸ ಕಲಿಸಲಿಲ್ಲವೇ ಎಂದು ನೀವು ಕೇಳಬಹುದು. ಕಲಿಸಿತು, ಧಾರಾಳವಾಗಿ. ಮಂಗಳೂರಿನ ಜೆಪ್ಪುವಿನಲ್ಲಿ ಜೆಸ್ವಿತ್ ಗುರುಗಳು ನಡೆಸಿದ ಸಂತ ಜೋಸೆಫರ ಅನಾಥಾಶ್ರಮದ ಕಾರ್ಯಾಗಾರಗಳಲ್ಲಿ ತಯಾರಾದ ಪೀಠಗಳೂ ಪ್ರತಿಮೆಗಳೂ ದೂರದ ದೇವಾಲಯಗಳಿಗೆ ತಲುಪಿವೆ. ಹಸಿದ ಮಕ್ಕಳಿಗೆ ಅನ್ನದ ದಾರಿ ತೋರಿದ ಆ ಸೇವೆಯನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು. ಅನಾಥ ಬಾಲಕ ಉಳಿ ಹಿಡಿದ. ಅದೇ ಊರಿನ ನಮ್ಮ ಪ್ರೌಢಶಾಲೆ, ಕಾಲೇಜುಗಳ ಹುಡುಗರು ಪುಸ್ತಕ ಹಿಡಿದರು. ಕೈಗೆಲಸ ಎಂದರೆ ಬೇರೆ ಗತಿಯಿಲ್ಲದವರ ಪಾಲು ಎಂಬ ಲೋಕಾಭಿಪ್ರಾಯ ನಮ್ಮ ಆವರಣಗಳ ಒಳಗೂ ಹಾಗೆಯೇ ಉಳಿಯಿತು. ಜಾತಿಯ ಲೆಕ್ಕದಲ್ಲಿ ಕೈಗಳನ್ನು ವಿಂಗಡಿಸಿದ ಈ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಹನ್ನೆರಡನೆಯ ಶತಮಾನದಲ್ಲೇ ಶರಣರು ಕಾಯಕದ ಮಾತನ್ನಾಡಿದ ನೆಲವಿದು ಎಂಬುದನ್ನು ನೆನೆದರೆ ಇನ್ನೂ ನೋವಾಗುತ್ತದೆ. ನಮ್ಮ ಕಿರಿಯ ಗುರುಮಠದ ದಿನಚರಿಯಲ್ಲಿಯೂ 'ಕೈಕೆಲಸ' ಎಂಬ ಒಂದು ಗಂಟೆ ಇತ್ತು. ಅದನ್ನು ನಾವು ಆಟಕ್ಕೂ ಪ್ರಾಯಶ್ಚಿತ್ತಕ್ಕೂ ನಡುವಿನ ಏನೋ ಒಂದು ಎಂದೇ ಭಾವಿಸಿದ್ದೆವು.

ಪವಿತ್ರ ಗ್ರಂಥದಲ್ಲಿಯೂ ಈ ತಿಕ್ಕಾಟ ಇದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಉಳುವವನು, ಮುದ್ರೆ ಕೆತ್ತುವವನು, ಕಮ್ಮಾರ, ಕುಂಬಾರ ಇವರನ್ನು ಒಬ್ಬೊಬ್ಬರನ್ನಾಗಿ ಕಣ್ಣಿಗೆ ಕಟ್ಟುವಂತೆ ಚಿತ್ರಿಸುತ್ತದೆ. ಇವರಿಲ್ಲದೆ ಪಟ್ಟಣವೇ ಇಲ್ಲ ಎನ್ನುತ್ತದೆ. ಆದರೂ ಇವರನ್ನು ಜನರ ಸಭೆಗೆ ಆಲೋಚನೆ ಕೇಳಲು ಕರೆಯುವುದಿಲ್ಲ ಎಂದೂ ಹೇಳಿಬಿಡುತ್ತದೆ. ಜ್ಞಾನಕ್ಕೆ ಬಿಡುವು ಬೇಕು, ಬಿಡುವು ಇರುವುದು ಶಾಸ್ತ್ರಿಗೆ ಎಂಬುದು ಅಲ್ಲಿನ ನಿಲುವು. ಸಂತ ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯಕ್ಕೆ ಬಂದರೆ, ನಜರೇತಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಲು ನಿಂತವರು ಸ್ವತಃ ಬಡಗಿ! ಊರಿನವರ ಮುಖ ಸಿಂಡರಿಸಿದ್ದು ಅದಕ್ಕೇ. ಯೌವನದಲ್ಲಿ ಕಲ್ಲುಗಣಿಯಲ್ಲಿ ದುಡಿದ ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ಮಾನವ ದುಡಿಮೆಯ ಬಗ್ಗೆ ವಿಶ್ವಪತ್ರ ಬರೆದಾಗ, ನಜರೇತಿನ ಆ ಕಾರ್ಯಾಗಾರದ ವರ್ಷಗಳನ್ನು ಎತ್ತಿ ತೋರಿದ್ದು ಸಕಾರಣವಾಗಿಯೇ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು 1937ರ ಅಕ್ಟೋಬರಿನಲ್ಲಿ, ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನದಲ್ಲಿ. ಅಲ್ಲಿ ನೇಮಕವಾದ ಸಮಿತಿಗೆ ಡಾ. ಜಾಕಿರ್ ಹುಸೇನರು ಅಧ್ಯಕ್ಷರು. ಸಮಿತಿಯಲ್ಲಿದ್ದ ಇಬ್ಬರು ಕ್ರೈಸ್ತರ ಹೆಸರು ನಮ್ಮ ಓದುಗರಿಗೆ ತಿಳಿದಿರಬೇಕು: ಸಿಲೋನಿನ ಇ. ಡಬ್ಲ್ಯು. ಆರ್ಯನಾಯಕಂ ಮತ್ತು ತಂಜಾವೂರಿನ ಜೆ. ಸಿ. ಕುಮಾರಪ್ಪ. ಒಂದು ಕಸುಬನ್ನು ಕೇಂದ್ರವಾಗಿಟ್ಟುಕೊಂಡು ಉಳಿದೆಲ್ಲ ಪಾಠಗಳನ್ನು ಅದಕ್ಕೆ ಹೊಂದಿಸುವ 'ನಯೀ ತಾಲೀಮ್' ಅಥವಾ ಮೂಲಶಿಕ್ಷಣದ ಯೋಜನೆ ಅವರಿಂದ ಬಂತು. ಮಕ್ಕಳು ನೂತದ್ದನ್ನು, ನೇಯ್ದದ್ದನ್ನು ಮಾರಿ ಶಿಕ್ಷಕರ ಸಂಬಳ ಹುಟ್ಟಬೇಕೆಂಬ ಗಾಂಧೀಜಿಯವರ ವಿಚಾರಕ್ಕೆ ವಿರೋಧ ಬಂದೇ ಬಂತು. ಆರ್ಥಿಕ ಮುಖಕ್ಕೆ ಒತ್ತು ಹೆಚ್ಚಾಗಿ ಶೈಕ್ಷಣಿಕ ಉದ್ದೇಶ ಬಲಿಯಾಗುವ ಅಪಾಯವನ್ನು ಸಮಿತಿಯ ವರದಿಯೇ ಎತ್ತಿ ಹೇಳಿತು. ಸಿಗ್ನೇಯಸರೂ ಸಾಲೊಮನ್ನರೂ ಕಂಡ ಕವಲುದಾರಿಯೇ ಅದು.

ವರದಿಯು ಶಿಕ್ಷಕರ ತರಬೇತಿಯನ್ನು ಯೋಜನೆಯ ಪ್ರಾಣವೆಂದು ಭಾವಿಸಿ ಮೂರು ವರ್ಷಗಳ ಪೂರ್ಣ ತರಬೇತಿಯನ್ನೂ, ತುರ್ತಿಗಾಗಿ ಒಂದು ವರ್ಷದ ಕಿರು ತರಬೇತಿಯನ್ನೂ ಸೂಚಿಸಿತು. ಬೊಂಬಾಯಿ ಪ್ರಾಂತ್ಯದ ಕನ್ನಡ ಶಿಕ್ಷಕರಿಗಾಗಿ ಧಾರವಾಡದಲ್ಲಿ ತರಬೇತಿ ಕೇಂದ್ರ ತೆರೆಯಿತು; ಮೇಷ್ಟರುಗಳು ತಕಲಿ ಹಿಡಿದರು. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತಿರುವುದೇ. ಕಿರು ತರಬೇತಿಯೇ ರೂಢಿಯಾಯಿತು. ಕೈ ಪಳಗದ ಶಿಕ್ಷಕ ಕೈ ಪಳಗದ ಮಕ್ಕಳಿಗೆ ನೂಲುವುದನ್ನು ಕಲಿಸಹೊರಟ. ಹತ್ತಿಯೂ ಹಾಳು, ಪಾಠವೂ ಹಾಳು. ತಂದೆತಾಯಿಗಳು ತಮ್ಮ ಮಕ್ಕಳನ್ನು ಕೈಗೆಲಸವಿಲ್ಲದ ಶಾಲೆಗಳತ್ತ ನಡೆಸಿದರು. 1964–66ರ ಕೊಠಾರಿ ಆಯೋಗ ಅದನ್ನು 'ಕಾರ್ಯಾನುಭವ' ಎಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರಿಟ್ಟಿತು. ಹೆಸರು ಉದ್ದವಾದಂತೆ ಕೆಲಸ ಮೊಟಕಾಯಿತು. ಟಿ.ಸಿ.ಎಚ್. ಓದಿದ ನಮ್ಮ ಧರ್ಮಕೇಂದ್ರಗಳ ಎಷ್ಟೋ ಶಿಕ್ಷಕಿಯರು, ಅಂಗಡಿಯಿಂದ ಕೊಂಡ ಬುಟ್ಟಿಗೂ ಅಂಕ ಬೀಳುತ್ತಿತ್ತೆಂದು ನಗುತ್ತಾ ಹೇಳುವುದುಂಟು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ 'ಚೀಲರಹಿತ' ಅವಧಿಯನ್ನು ಸೂಚಿಸಿದೆ. ಆ ದಿನಗಳಲ್ಲಿ ಅವರು ಊರಿನ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕಲಿಯಬೇಕು. ಊರಿನ ಕುಂಬಾರನಿಗೆ ಸಲ್ಲುವ ಗೌರವ ಸ್ವಾಗತಾರ್ಹವೇ. ಆದರೆ ಸಾಲೊಮನ್ 1877ಕ್ಕೆ ಮುಂಚೆ ನೇಸ್‌ನಲ್ಲಿ ಹಿಡಿದಿದ್ದ ದಾರಿಗೆ ಇದು ಹತ್ತಿರ, ಯುವಾಸ್ಕುಲಾದ ದಾರಿಗೆ ದೂರ. ಆ ಹತ್ತು ದಿನಗಳಲ್ಲಿ ಶಿಕ್ಷಕರು ಎಲ್ಲಿ ನಿಂತಿರುತ್ತಾರೆ, ತಿಗರಿಯ ಮುಂದೆಯೋ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿಯೋ ಎಂಬ ಪ್ರಶ್ನೆ ಉಳಿದೇ ಇದೆ. ಯುವಾಸ್ಕುಲಾದ ಸೆಮಿನರಿ 1934ರಲ್ಲಿ ಶಿಕ್ಷಣ ಮಹಾವಿದ್ಯಾಲಯವಾಗಿ, 1966ರಲ್ಲಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅದರ ಹಳೆಯ ಕೆಂಪು ಇಟ್ಟಿಗೆಯ ಕಟ್ಟಡಗಳು ನಿಂತಿರುವ ದಿಬ್ಬವನ್ನು ಊರಿನವರು ಇಂದಿಗೂ ಸೆಮಿನರಿ ಗುಡ್ಡವೆಂದೇ ಕರೆಯುತ್ತಾರೆ. ಫಿನ್‌ಲೆಂಡಿನ ಶಾಲೆಗಳಲ್ಲಿ ಹುಡುಗರೂ ಹುಡುಗಿಯರೂ ಮರಗೆಲಸ, ಹೊಲಿಗೆ ಎರಡನ್ನೂ ಇಂದಿಗೂ ಕಲಿಯುತ್ತಾರೆ.