ಗೊಂಬೆಮನೆಯ ಕಿಟಕಿ ಕಂಡಿಗಳ ಕೊರೆತ ಮತ್ತು ವಿಸ್ತರಣೆ

ಗೊಂಬೆಮನೆಯ ಕಿಟಕಿ ಕಂಡಿಗಳ ಕೊರೆತ ಎಂಬುದು, ಬಿಡಿಭಾಗಗಳ ಕಿಟ್ ರೂಪದಲ್ಲಿ ದೊರೆಯುವ ಮರದ ಗೊಂಬೆಮನೆಯ ಗೋಡೆಗಳಲ್ಲಿ ಹೊಸ ಕಿಟಕಿಗೆ ಸ್ಥಳ ತೆರೆಯುವ ಅಥವಾ ಈಗಾಗಲೇ ಇರುವ ಕಂಡಿಯನ್ನು ಹಿಗ್ಗಿಸುವ ಕುಶಲ ಕೆಲಸ. ಗೊಂಬೆಮನೆ ಕಟ್ಟುವ ಹವ್ಯಾಸವು ಬೇರೂರಿರುವ ಬ್ರಿಟನ್ ಮತ್ತು ಅಮೆರಿಕಗಳಲ್ಲಿ, ಕಿಟ್ಟನ್ನು ಕೊಂಡವರು ಮೊದಲಿಗೆ ಮಾಡಬಯಸುವ ಬದಲಾವಣೆಗಳಲ್ಲಿ ಇದೂ ಒಂದು. ನಮ್ಮಲ್ಲಿ ದಸರೆಯ ಸಮಯದಲ್ಲಿ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುವ ಪದ್ಧತಿಗೂ ಈ ಹವ್ಯಾಸಕ್ಕೂ ನೇರ ಸಂಬಂಧವಿಲ್ಲ. ಇಲ್ಲಿ ಹೇಳುವ ಗೊಂಬೆಮನೆಯು ನಿಜವಾದ ಮನೆಯೊಂದರ ಅಳತೆಬದ್ಧವಾದ ಕಿರುರೂಪ.

ಹಿನ್ನೆಲೆ

ಯೂರೋಪಿನಲ್ಲಿ ಗೊಂಬೆಮನೆಗಳು ಆರಂಭದಲ್ಲಿ ಮಕ್ಕಳ ಆಟಿಕೆಗಳಾಗಿರದೆ ಸಿರಿವಂತರ ಪ್ರದರ್ಶನ ವಸ್ತುಗಳಾಗಿದ್ದವು. 16ನೆಯ ಶತಮಾನದಲ್ಲಿ ಬವೇರಿಯಾದ ದೊರೆ ಐದನೆಯ ಆಲ್ಬ್ರೆಕ್ಟ್ ಮಾಡಿಸಿದ ಮನೆಯು ಇವುಗಳಲ್ಲಿ ಬಹಳ ಹಳೆಯದು. ನವದೆಹಲಿಯ ವಾಸ್ತುಶಿಲ್ಪಿಯೆಂದು ನಮಗೆ ಪರಿಚಿತರಾದ ಎಡ್ವಿನ್ ಲಟ್ಯೆನ್ಸ್ ಅವರು 1921ರಿಂದ 1924ರವರೆಗಿನ ಅವಧಿಯಲ್ಲಿ ರಾಣಿ ಮೇರಿಗಾಗಿ ರೂಪಿಸಿದ ಗೊಂಬೆಮನೆಯನ್ನು ಇಂದಿಗೂ ವಿಂಡ್ಸರ್ ಅರಮನೆಯಲ್ಲಿ ಕಾಣಬಹುದು. ಅದು 1:12ರ ಪ್ರಮಾಣದಲ್ಲಿದೆ. ಅಂದರೆ ನಿಜವಾದ ಮನೆಯ ಒಂದು ಅಡಿಯು ಅಲ್ಲಿ ಒಂದು ಅಂಗುಲವಾಗುತ್ತದೆ. ಇಂದಿನ ಹವ್ಯಾಸಿಗಳಲ್ಲಿ ಹೆಚ್ಚಿನವರು ಅನುಸರಿಸುವುದೂ ಇದೇ ಪ್ರಮಾಣವನ್ನು. ಸ್ಥಳ ಕಡಿಮೆ ಇರುವವರು 1:24 ಅಥವಾ 1:48ರ ಪ್ರಮಾಣವನ್ನು ಆರಿಸಿಕೊಳ್ಳುತ್ತಾರೆ.

ಷಿಕಾಗೋ ಕಲಾಸಂಸ್ಥೆಯಲ್ಲಿರುವ ಥಾರ್ನ್ ಕೊಠಡಿಗಳು ಕಿಟಕಿಯ ಮಹತ್ವವನ್ನು ಚೆನ್ನಾಗಿ ತೋರಿಸುತ್ತವೆ. ಈ 68 ಕಿರುಕೊಠಡಿಗಳಲ್ಲಿ ಕಿಟಕಿಗಳಾಚೆಯಿಂದ ಬೆಳಕು ಒಳಗೆ ಬೀಳುವಂತೆ ಏರ್ಪಾಡಿದ್ದು, ಆ ಬೆಳಕಿನಿಂದಲೇ ಕೊಠಡಿಯು ವಾಸಯೋಗ್ಯ ಮನೆಯಂತೆ ಕಾಣುತ್ತದೆ. ಅಗ್ಗದ ಕಿಟ್ಟುಗಳಲ್ಲಿ ಕಂಡಿಗಳು ಚಿಕ್ಕವಾಗಿದ್ದರೆ ಒಳಗೆ ಎಷ್ಟು ಅಚ್ಚುಕಟ್ಟಾದ ಪೀಠೋಪಕರಣವನ್ನಿಟ್ಟರೂ ಅದು ಪೆಟ್ಟಿಗೆಯೊಳಗಿನ ಸಾಮಾನಿನಂತೆ ತೋರುತ್ತದೆ.

ಕಿಟ್ಟುಗಳ ಬಗೆ

ಕೊರೆಯುವ ವಿಧಾನವು ಗೋಡೆಯ ವಸ್ತುವನ್ನು ಅವಲಂಬಿಸಿದೆ. ಅಮೆರಿಕದ ಅಗ್ಗದ ಕಿಟ್ಟುಗಳಲ್ಲಿ ಗೋಡೆಗಳು ಸುಮಾರು 3 ಮಿ.ಮೀ. ದಪ್ಪದ ಪ್ಲೈವುಡ್ಡಿನವು. ಉಕ್ಕಿನ ಅಚ್ಚಲಗನ್ನು ಒತ್ತಿ ಭಾಗಗಳನ್ನು ಬಿಡಿಸಿರುವುದರಿಂದ ಅಂಚಿನ ನಾರುಗಳು, ಅದರಲ್ಲೂ ಹಿಂಬದಿಯವು, ಜಜ್ಜಿಹೋಗಿ ಒರಟಾಗಿರುತ್ತವೆ. ಒಂದು ಭಾಗದ ನಾಲಗೆಯು ಇನ್ನೊಂದರ ಸೀಳಿನಲ್ಲಿ ಕೂರುವಂತೆ ಇವುಗಳ ಜೋಡಣೆ. ಹೆಚ್ಚು ಬೆಲೆಯ ಕಿಟ್ಟುಗಳಲ್ಲಿ 9.5 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಎಂ.ಡಿ.ಎಫ್. ಹಲಗೆಗಳಿದ್ದು, ತೋಡು ಹೊಡೆದ ಗಾಡಿಗಳಲ್ಲಿ ಅವು ಕೂರುತ್ತವೆ. ಬ್ರಿಟನ್ನಿನಲ್ಲಿ ಎಂ.ಡಿ.ಎಫ್. ಬಳಕೆ ವ್ಯಾಪಕ.

ಮತ್ತೊಂದು ವ್ಯತ್ಯಾಸವೂ ಕೆಲಸಕ್ಕೆ ಮುಖ್ಯ. ಬ್ರಿಟಿಷ್ ಮಾದರಿಯ ಮನೆಗಳ ಮುಂಗೋಡೆಯು ಸಾಮಾನ್ಯವಾಗಿ ಕೀಲುಗಳ ಮೇಲೆ ಬಾಗಿಲಿನಂತೆ ತೆರೆಯುತ್ತದೆ. ಆದ್ದರಿಂದ ಮನೆ ಕಟ್ಟಿ ಮುಗಿದ ಬಳಿಕವೂ ಅದನ್ನು ಕಳಚಿ ಮೇಜಿನ ಮೇಲೆ ಮಲಗಿಸಬಹುದು. ಅಮೆರಿಕನ್ ಮಾದರಿಯಲ್ಲಿ ಹಿಂಬದಿ ಬಯಲಾಗಿದ್ದು ಮುಂಗೋಡೆಯು ಮಹಡಿಗಳೊಂದಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಕೊರೆತವನ್ನು ಜೋಡಣೆಗೆ ಮೊದಲೇ ಮುಗಿಸದಿದ್ದರೆ ಕಷ್ಟ.

ಅಳತೆ ನಿರ್ಧಾರ

ಕಿಟಕಿಯ ಚೌಕಟ್ಟು ಕೈಗೆ ಬರುವ ಮೊದಲು ಗೋಡೆಗೆ ಗರಗಸ ಹಾಕಬಾರದು. ಕೆಟ್ಟುಹೋಗುವ ಕಿಟ್ಟುಗಳಲ್ಲಿ ಹೆಚ್ಚಿನವು ಈ ಆತುರದಿಂದಲೇ ಕೆಡುತ್ತವೆ ಎಂದರೆ ತಪ್ಪಾಗದು. ಪಟ್ಟಿಯಲ್ಲಿ ಮುದ್ರಿತವಾದ ಅಳತೆಯು ಹೊರಚೌಕಟ್ಟಿನದೋ ಕಂಡಿಯದೋ ಎಂಬ ಗೊಂದಲ ಸಾಮಾನ್ಯ. ಹೊರ ಅಂಚುಪಟ್ಟಿಯು ಗೋಡೆಯ ಮೇಲೆ ಕೂರುತ್ತದೆ, ಒಳಗಿನ ಭಾಗ ಮಾತ್ರ ಕಂಡಿಯೊಳಗೆ ಸೇರುತ್ತದೆ. ಕೊರೆಯಬೇಕಾದುದು ಒಳಭಾಗದ ಅಳತೆಗೆ.

1:12ರಲ್ಲಿ ಸಿದ್ಧವಾಗಿ ಸಿಗುವ ಒಂದು ಸಾಮಾನ್ಯ ಕಿಟಕಿಗೆ 2 9/16 ಅಂಗುಲ ಅಗಲ, 5 1/16 ಅಂಗುಲ ಎತ್ತರದ ಕಂಡಿ ಬೇಕು. ಮಿಲಿಮೀಟರಿನಲ್ಲಿ ಇದು ಸುಮಾರು 65 ಮತ್ತು 128.5. ವಿಚಿತ್ರವೆನಿಸುವ ಈ ಅಂಕೆಗಳ ಹಿಂದಿನ ಲೆಕ್ಕ ಸರಳ: ಎರಡೂವರೆ ಅಡಿ ಅಗಲ, ಐದು ಅಡಿ ಎತ್ತರದ ನಿಜವಾದ ಕಿಟಕಿಯು ಎರಡೂವರೆ ಅಂಗುಲಕ್ಕೂ ಐದು ಅಂಗುಲಕ್ಕೂ ಇಳಿದಿದೆ, ಮಿಕ್ಕ 1/16 ಅಂಗುಲವು ಚೌಕಟ್ಟು ಸಲೀಸಾಗಿ ಸೇರಲು ಬಿಟ್ಟ ಸಡಿಲ. ಬಣ್ಣ ಬಳಿದ ಮೇಲೆ ಚೌಕಟ್ಟು ತುಸು ಉಬ್ಬುವುದರಿಂದ ಈ ಸಡಿಲವನ್ನು ಕಡಿಮೆ ಮಾಡುವುದು ಒಳ್ಳೆಯದಲ್ಲ. ಇಂತಹ ಸಿದ್ಧ ಕಿಟಕಿಗಳು 9.5 ಮಿ.ಮೀ. ಗೋಡೆಗೆ ಹೊಂದುವಂತೆ ಮಾಡಿದವು. 3 ಮಿ.ಮೀ. ಗೋಡೆಯಲ್ಲಿ ಅವು ಒಳಕ್ಕೆ ಚಾಚಿಕೊಳ್ಳುತ್ತವೆ. ಆಗ ಒಳಬದಿಯಲ್ಲಿ ಕಂಡಿಯ ಸುತ್ತ ಮರದ ಪಟ್ಟಿಗಳನ್ನು ಅಂಟಿಸಿ ಗೋಡೆಯನ್ನು ದಪ್ಪಗೊಳಿಸಬೇಕು ಅಥವಾ ಚೌಕಟ್ಟನ್ನು ಹಿಂದಿನಿಂದ ತೇಯಬೇಕು.

ಕಿಟಕಿಯ ಸ್ಥಾನಕ್ಕೂ ಲೆಕ್ಕವುಂಟು. ಒಂದೇ ಅಂತಸ್ತಿನ ಬಾಗಿಲು ಮತ್ತು ಕಿಟಕಿಗಳ ಮೇಲಂಚು ಒಂದೇ ಸಾಲಿನಲ್ಲಿದ್ದರೆ ಕಣ್ಣಿಗೆ ಒಪ್ಪುತ್ತದೆ. ಜಾರ್ಜಿಯನ್ ಶೈಲಿಯ ಮನೆಗಳಲ್ಲಿ ಮೇಲಿನ ಅಂತಸ್ತುಗಳಿಗೆ ಹೋದಂತೆ ಕಿಟಕಿಗಳ ಎತ್ತರ ಕುಗ್ಗುವುದು ವಾಡಿಕೆ. ಅಟ್ಟದ ಕಿಟಕಿಯನ್ನು ಕೆಳಗಿನದರಷ್ಟೇ ದೊಡ್ಡದು ಮಾಡಿದರೆ ಇಡೀ ಮುಖಭಾಗವೇ ತಲೆಭಾರವಾದಂತೆ ಕಾಣುತ್ತದೆ. ಮನೆಯನ್ನು ಅಂಟಿಲ್ಲದೆ ಟೇಪಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಕಪ್ಪು ಕಾಗದವನ್ನು ಕಿಟಕಿಯ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ದೂರ ನಿಂತು ಒಂದೆರಡು ದಿನ ನೋಡುವುದು ಉತ್ತಮ. ಈ ತಾತ್ಕಾಲಿಕ ಜೋಡಣೆಯಲ್ಲಿಯೇ ಮಹಡಿಯ ಹಲಗೆ, ಒಳಗೋಡೆ, ಮೆಟ್ಟಿಲುಗಳು ಗೋಡೆಯನ್ನು ಎಲ್ಲಿ ಮುಟ್ಟುತ್ತವೆ ಎಂಬುದನ್ನು ಒಳಬದಿಯಲ್ಲಿ ಪೆನ್ಸಿಲಿನಿಂದ ಗುರುತಿಸಬೇಕು. ಹೊರಗಿನಿಂದ ಚೆಲುವಾಗಿ ಕಂಡ ಕಿಟಕಿಯ ನಡುವೆ ಒಳಗೋಡೆಯ ಅಂಚು ಹಾದುಹೋಗುವ ಪ್ರಮಾದವು ಅಪರೂಪವೇನಲ್ಲ.

ಗೋಡೆಯ ಬಲ

ನಿಜವಾದ ಕಟ್ಟಡದಲ್ಲಿ ಕಿಟಕಿಯ ಮೇಲಿನ ಭಾರವನ್ನು ಲಿಂಟಲ್ ಹೊರುತ್ತದೆ. ಗೊಂಬೆಮನೆಯ ಗೋಡೆಯು ಅಖಂಡ ಹಲಗೆಯಾದ್ದರಿಂದ ಅಂತಹ ಆಧಾರ ಬೇಕಿಲ್ಲ. ಆದರೆ ಕಂಡಿ ಹಿಗ್ಗಿದಂತೆ ಅದರ ಪಕ್ಕದಲ್ಲಿ ಉಳಿಯುವ ಮರದ ಪಟ್ಟಿ ಕಿರಿದಾಗುತ್ತದೆ, ಮುರಿಯುವುದು ಅಲ್ಲಿಯೇ. ಪ್ಲೈವುಡ್ಡಿನ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಹಲಗೆ ಎರಡೂ ದಿಕ್ಕಿಗೆ ಬಲವಾಗಿರುತ್ತದೆ. ಆದರೆ ಮೂರೇ ಪದರಗಳ ತೆಳು ಹಲಗೆಯಲ್ಲಿ ಹೊರಗಿನೆರಡು ಪದರಗಳ ಎಳೆಯು ಕಿರಿದಾದ ಪಟ್ಟಿಗೆ ಅಡ್ಡವಾಗಿ ಓಡಿದರೆ ಆ ಪಟ್ಟಿ ಬಿಸ್ಕತ್ತಿನಂತೆ ಮುರಿಯುತ್ತದೆ. ಎರಡು ಕಿಟಕಿಗಳ ನಡುವೆ, ಅಥವಾ ಕಿಟಕಿಗೂ ಗೋಡೆಯಂಚಿಗೂ ನಡುವೆ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ ಮರ ಉಳಿಯುವುದಾದರೆ ಯೋಜನೆಯನ್ನು ಬದಲಿಸುವುದು ಲೇಸು. ನಾಲಗೆ ಸೇರುವ ಸೀಳುಗಳನ್ನು ಕಂಡಿಯು ಎಂದಿಗೂ ಮುಟ್ಟಬಾರದು. ಸೀಳು ತೆರೆದುಕೊಂಡರೆ ಮಹಡಿಗೆ ಆಧಾರವೇ ತಪ್ಪುತ್ತದೆ.

ಕೊರೆಯುವ ಕ್ರಮ

ಮೂಲೆಮಟ್ಟದಿಂದ ಗೆರೆಗಳನ್ನು ಎಳೆದು, ತೆಗೆಯಬೇಕಾದ ಭಾಗದ ಮೇಲೆ ಅಡ್ಡಗೆರೆಗಳ ಗುರುತು ಹಾಕುವುದು ಮೊದಲ ಕೆಲಸ. ಎರಡು ಕಂಡಿಗಳ ನಡುವಿನ ಗೋಡೆಯನ್ನೇ ಕತ್ತರಿಸಿ ತೆಗೆದವರೂ ಇರುವುದರಿಂದ ಈ ಗುರುತು ಅನಾವಶ್ಯಕವಲ್ಲ.

ತೆಳು ಪ್ಲೈವುಡ್ಡಿಗೆ ಹರಿತವಾದ ಚಾಕು ಮತ್ತು ಲೋಹದ ಅಳತೆಪಟ್ಟಿ ಸಾಕು. ಒಂದೇ ಸಲ ಬಲವಾಗಿ ಒತ್ತದೆ, ಗೆರೆಯ ಮೇಲೆ ಹಗುರವಾಗಿ ಹಲವು ಬಾರಿ ಎಳೆಯಬೇಕು. ಮೂಲೆಗಳಲ್ಲಿ ಸಣ್ಣ ತೂತು ಕೊರೆದು ಗೆರೆಗಳನ್ನು ಹಿಂಬದಿಗೂ ನಿಖರವಾಗಿ ವರ್ಗಾಯಿಸಿಕೊಂಡು ಎರಡೂ ಕಡೆಯಿಂದ ಕತ್ತರಿಸಿದರೆ ಅಂಚು ಚೊಕ್ಕಟವಾಗುತ್ತದೆ. ಎಳೆಗೆ ಅಡ್ಡವಾದ ಗೆರೆಗಳನ್ನು ಮೊದಲು ಕತ್ತರಿಸಬೇಕು. ಎಳೆಯ ಉದ್ದಕ್ಕೂ ಹೋಗುವ ಚಾಕು ಗೆರೆಯನ್ನು ಬಿಟ್ಟು ಎಳೆಯನ್ನೇ ಹಿಡಿದು ಓಡುವ ಸ್ವಭಾವದ್ದು.

ದಪ್ಪ ಹಲಗೆಗೆ ಗರಗಸವೇ ಬೇಕು. ಹೊಸ ಕಂಡಿಯಾದರೆ ತೆಗೆಯುವ ಭಾಗದ ಒಳಗೆ, ಮೂಲೆಗಳ ಸಮೀಪ, ಬೈರಿಗೆಯಿಂದ ರಂಧ್ರ ಮಾಡಿ, ಫ್ರೆಟ್ ಗರಗಸದ ಅಲಗನ್ನು ಅದರೊಳಗೆ ತೂರಿಸಿ ಚೌಕಟ್ಟಿಗೆ ಬಿಗಿಯುತ್ತಾರೆ. ಬೈರಿಗೆಯು ಹೊರಬರುವೆಡೆ ಸಿಬಿರೇಳದಂತೆ ಕೆಳಗೆ ಬೇಡದ ಹಲಗೆಯೊಂದನ್ನು ಒತ್ತಿಟ್ಟಿರಬೇಕು. ಗೆರೆಯ ಮೇಲೆಯೇ ಕೊಯ್ಯದೆ ಸುಮಾರು 1 ಮಿ.ಮೀ. ಒಳಗೆ ಕೊಯ್ದು, ಉಳಿದುದನ್ನು ಅರದಿಂದಲೂ, ನೇರವಾದ ಮರದ ತುಂಡಿಗೆ ಅಂಟಿಸಿದ ಉಪ್ಪುಕಾಗದದಿಂದಲೂ ಉಜ್ಜಿ ಗೆರೆಗೆ ತರುವುದು ಸುರಕ್ಷಿತ ಮಾರ್ಗ. ಮೂಲೆಗಳನ್ನು ಉಳಿಯಿಂದ ಚೌಕಗೊಳಿಸಬೇಕು. ವಿದ್ಯುತ್ ಜಿಗ್‌ಸಾ ಬಳಸುವವರು ಗಮನಿಸಬೇಕಾದ ಅಂಶವೊಂದಿದೆ: ಅದರ ಸಾಮಾನ್ಯ ಅಲಗು ಮೇಲೇಳುವಾಗ ಕತ್ತರಿಸುವುದರಿಂದ ಸಿಬಿರು ಏಳುವುದು ಮೇಲ್ಬದಿಯಲ್ಲಿ. ಆದ್ದರಿಂದ ಗೋಡೆಯ ಹೊರಮುಖವನ್ನು ಕೆಳಗೆ ಮಾಡಿ ಒಳಬದಿಯಿಂದ ಕೊಯ್ಯಬೇಕು. ಮೇಜಿನ ಮೇಲೆ ನಿಲ್ಲುವ ಸ್ಕ್ರೋಲ್ ಗರಗಸದಲ್ಲಿ ಇದಕ್ಕೆ ವಿರುದ್ಧ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಎರಡರಲ್ಲಿಯೂ ಸಿಬಿರು ತಗ್ಗುತ್ತದೆ.

ಎಂ.ಡಿ.ಎಫ್. ಹಲಗೆಗೆ ಎಳೆಯಿಲ್ಲದ್ದರಿಂದ ಸೀಳುವ ಭಯವಿಲ್ಲ, ಆದರೆ ಅದರ ಧೂಳು ಬಹಳ ನಯವಾದುದು; ಅದನ್ನು ಬೆಸೆಯುವ ರಾಳದಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಅಂಶವೂ ಇರುತ್ತದೆ. ಮುಖಕ್ಕೆ ಧೂಳುತಡೆ ಮುಸುಕು ಧರಿಸಿ, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಕಣ್ಣಿಗೆ ರಕ್ಷಣೆ ಎಲ್ಲ ಬಗೆಯ ಕೊರೆತಕ್ಕೂ ಅಗತ್ಯ. ಮಕ್ಕಳು ಈ ಕೆಲಸದಲ್ಲಿ ಅಳೆಯುವುದು, ಉಜ್ಜುವುದು, ಬಣ್ಣ ಬಳಿಯುವುದಕ್ಕೆ ಸೇರಿಕೊಳ್ಳಬಹುದು, ಚಾಕು ಮತ್ತು ಗರಗಸ ಹಿರಿಯರ ಕೈಯಲ್ಲಿರಲಿ.

ಇರುವ ಕಂಡಿಯ ವಿಸ್ತರಣೆ

ಹೊಸ ಕಂಡಿ ತೆರೆಯುವುದಕ್ಕಿಂತ ಇರುವುದನ್ನು ತುಸುವೇ ಹಿಗ್ಗಿಸುವುದು ಹೆಚ್ಚು ತಾಳ್ಮೆ ಬೇಡುತ್ತದೆ. ಒಂದೆರಡು ಮಿಲಿಮೀಟರಿನ ಪಟ್ಟಿಯನ್ನು ಕೊಯ್ಯಲು ಹೊರಟರೆ ಅಲಗಿನ ಒಂದು ಬದಿಗೆ ಆಧಾರವಿಲ್ಲದೆ ಅದು ಖಾಲಿ ಜಾಗದತ್ತ ಜಾರುತ್ತದೆ. ಅಷ್ಟು ಕಡಿಮೆ ಅಳತೆಗೆ ಅರ ಮತ್ತು ಉಪ್ಪುಕಾಗದಗಳೇ ಸರಿಯಾದ ಸಾಧನ. ಅದಕ್ಕಿಂತ ಹೆಚ್ಚಾದರೆ ಗರಗಸ ಬಳಸಬಹುದು. ಸಾಧ್ಯವಿದ್ದಲ್ಲಿ ನಾಲ್ಕೂ ಬದಿ ಹಿಗ್ಗಿಸದೆ, ಒಂದು ಮೂಲೆಯನ್ನು ಹಾಗೆಯೇ ಉಳಿಸಿಕೊಂಡು ಎರಡು ಬದಿಗಳನ್ನು ಮಾತ್ರ ಸರಿಸಿದರೆ, ಕಾರ್ಖಾನೆಯಲ್ಲಿ ನೇರವಾಗಿ ಕತ್ತರಿಸಿದ ಎರಡು ಅಂಚುಗಳು ಅಳತೆಗೆ ಆಧಾರವಾಗಿ ಉಳಿಯುತ್ತವೆ. ಅಚ್ಚೊತ್ತಿದ ಕಿಟ್ಟುಗಳ ಜಜ್ಜಿದ ಅಂಚಿಗೆ ತೆಳುವಾದ ಅಂಟನ್ನು ಹೀರಿಸಿ ಒಣಗಿಸಿದ ಮೇಲೆ ಉಜ್ಜಿದರೆ ಪದರ ಕಿತ್ತುಬರುವುದಿಲ್ಲ.

ಮನೆ ಜೋಡಿಸಿದ ಬಳಿಕ ಈ ಕೆಲಸ ಮಾಡಬೇಕಾದವರು ಒಳಗೋಡೆಯ ಕಾಗದದ ಕೆಳಗೆ ದೀಪಗಳಿಗಾಗಿ ಅಂಟಿಸಿದ ತಾಮ್ರದ ಪಟ್ಟಿ ಹಾದಿದೆಯೇ ಎಂದು ಮೊದಲು ನೋಡಬೇಕು. ಆ ಪಟ್ಟಿ ತುಂಡಾದರೆ ಅಲ್ಲಿಂದಾಚೆಯ ದೀಪಗಳು ಉರಿಯುವುದಿಲ್ಲ. ಗೋಡೆಯ ಒಳಬದಿಗೆ ಮರದ ದಿಮ್ಮಿಯೊಂದನ್ನು ಕ್ಲಾಂಪಿನಿಂದ ಬಿಗಿದರೆ ಅದುರುವಿಕೆ ಕಡಿಮೆಯಾಗಿ ಅಂಟಿನ ಕೀಲುಗಳು ಉಳಿಯುತ್ತವೆ.

ತಪ್ಪುಗಳ ದುರಸ್ತಿ

ಕೊರೆದು ತೆಗೆದ ತುಂಡನ್ನು ಕೆಲಸ ಮುಗಿಯುವವರೆಗೂ ಎಸೆಯಬಾರದು. ಕಂಡಿ ತಪ್ಪಾದ ಜಾಗದಲ್ಲಿ ಬಿದ್ದಿದ್ದರೆ ಅದೇ ದಪ್ಪ, ಅದೇ ಎಳೆಯ ಆ ತುಂಡನ್ನೇ ಮರಳಿ ಅಂಟಿಸಿ ಸಂದುಗಳಿಗೆ ಮರದ ಮೇಣ ತುಂಬಬಹುದು. ಗರಗಸವು ಮೂಲೆಯನ್ನು ದಾಟಿ ಕೊಯ್ದ ಸಣ್ಣ ಗಾಯಗಳನ್ನು ಹೊರ ಅಂಚುಪಟ್ಟಿಯು ಮುಚ್ಚುತ್ತದೆ. ಅದು ಮುಚ್ಚದಷ್ಟು ಕಂಡಿ ಅಗಲವಾಗಿದ್ದರೆ ಒಳಗಿನ ಅಂಚಿಗೆ ತೆಳುವಾದ ಮರದ ಪಟ್ಟಿಯನ್ನು ಅಂಟಿಸಿ, ಒಣಗಿದ ಮೇಲೆ ಮತ್ತೆ ಅಳತೆಗೆ ಉಜ್ಜಬೇಕು. ಇಟ್ಟಿಗೆಯ ಮುಖವುಳ್ಳ ಮನೆಗಳಲ್ಲಿ ಕಿಟಕಿಯ ಮೇಲೆ ಲಿಂಟಲ್ ಅಥವಾ ಕಮಾನಿನ ಅಲಂಕಾರವನ್ನು ಅಂಟಿಸುವುದು ರೂಢಿ. ಬಲಕ್ಕೆ ಅದು ಬೇಡವಾದರೂ ಅದಿಲ್ಲದ ಇಟ್ಟಿಗೆ ಗೋಡೆ ಕಣ್ಣಿಗೆ ಸುಳ್ಳೆನಿಸುತ್ತದೆ, ಮತ್ತು ಮೇಲಂಚಿನ ದೋಷಗಳನ್ನು ಅದು ಸದ್ದಿಲ್ಲದೆ ಮರೆಸುತ್ತದೆ.

ಚೌಕಟ್ಟನ್ನು ಅಂಟಿಸುವುದಕ್ಕೆ ಮೊದಲು ಗೋಡೆಯ ಬಣ್ಣ, ಒಳಕಾಗದ ಎರಡನ್ನೂ ಮುಗಿಸಿಕೊಳ್ಳುವುದು ವಾಡಿಕೆ. ಗಾಜಿನ ಬದಲು ಬಳಸುವ ಅಕ್ರಿಲಿಕ್ ಹಾಳೆಯನ್ನು ಕೊನೆಯಲ್ಲಿ ಸೇರಿಸುತ್ತಾರೆ.