ಯಂತ್ರರಾಜ ಮತ್ತು ಸೌರಕಾಲ: ವಿಶಾಖಪಟ್ಟಣ, ವಿಜಯವಾಡ

ಆಕಾಶಗೋಲವನ್ನು ಚಪ್ಪಟೆ ತಟ್ಟೆಗೆ ಇಳಿಸಿ, ಸೂರ್ಯನ ಇಲ್ಲವೇ ನಕ್ಷತ್ರದ ಎತ್ತರದಿಂದ ಹೊತ್ತು ಲೆಕ್ಕ ಹಾಕುವ ಉಪಕರಣ ಆಸ್ಟ್ರೋಲೇಬ್. ಭಾರತದಲ್ಲಿ ಅದಕ್ಕೆ ‘ಯಂತ್ರರಾಜ’ ಎಂಬ ಹೆಸರಿದೆ. ಫಿರೋಜ್ ಷಾ ತುಘಲಕನ ಆಶ್ರಯದಲ್ಲಿದ್ದ ಜೈನ ಪಂಡಿತ ಮಹೇಂದ್ರಸೂರಿ 1370ರಲ್ಲಿ ಇದೇ ಹೆಸರಿನ ಗ್ರಂಥ ಬರೆದ. ಈ ಉಪಕರಣದ ಬಗ್ಗೆ ಸಂಸ್ಕೃತದಲ್ಲಿ ಅದೇ ಮೊದಲನೆಯದು. ಮೊಘಲರ ಕಾಲದಲ್ಲಿ ಲಾಹೋರಿನ ಒಂದೇ ಮನೆತನದವರು ತಲೆಮಾರುಗಳ ಕಾಲ ಹಿತ್ತಾಳೆಯಲ್ಲಿ ಯಂತ್ರರಾಜಗಳನ್ನು ಕೆತ್ತಿದರು. ಇಂದಿನ ಹವ್ಯಾಸಿಗೆ ದಪ್ಪ ರಟ್ಟು, ಪಾರದರ್ಶಕ ಹಾಳೆ, ನಡುವೆ ಬಿಗಿಯಲು ಒಂದು ನಟ್ಟು-ಬೋಲ್ಟು ಸಾಕು.

ಸೌರಕಾಲದ ಆಟಕ್ಕೆ ಆಂಧ್ರದ ಈ ಕರಾವಳಿಯಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗುವುದು ಕಷ್ಟ. ಭಾರತೀಯ ಕಾಲಮಾನಕ್ಕೆ ಆಧಾರವಾದ 82.5° ಪೂರ್ವ ರೇಖಾಂಶ ವಿಶಾಖಪಟ್ಟಣ ಮತ್ತು ವಿಜಯವಾಡ ನಗರಗಳ ನಡುವೆ, ತುನಿ ಪಟ್ಟಣದ ಹತ್ತಿರ ಹಾದುಹೋಗುತ್ತದೆ. ರೇಖಾಂಶದ ಪ್ರತಿ ಡಿಗ್ರಿಗೂ ನಾಲ್ಕು ನಿಮಿಷ. ಹೀಗಾಗಿ ವಿಶಾಖಪಟ್ಟಣದ ಸ್ಥಳೀಯ ಸಮಯ ಗಡಿಯಾರಕ್ಕಿಂತ ಸುಮಾರು ಮೂರು ನಿಮಿಷ ಮುಂದೆ, ವಿಜಯವಾಡದ್ದು ಏಳೂವರೆ ನಿಮಿಷ ಹಿಂದೆ. ಬೆಂಗಳೂರು ಇಪ್ಪತ್ತು ನಿಮಿಷದಷ್ಟು ಹಿಂದಿದೆ ಎಂಬುದನ್ನು ನೆನೆದರೆ ಇದು ಅಲ್ಪ. ಆದರೆ ಒಂದೇ ರಾಜ್ಯದೊಳಗೆ, ಒಂದೇ ರೈಲು ದಾರಿಯ ಮೇಲೆ, ಗಡಿಯಾರ ಒಂದೂರಿನಲ್ಲಿ ಸೂರ್ಯನಿಗಿಂತ ಹಿಂದೆ, ಇನ್ನೊಂದೂರಿನಲ್ಲಿ ಮುಂದೆ.

ಇದರ ಮೇಲೆ ಕಾಲ ಸಮೀಕರಣದ ತಿದ್ದುಪಡಿ ಬೇರೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಆದ್ದರಿಂದ ನವೆಂಬರ್ ಮೊದಲ ವಾರ ಸೂರ್ಯ 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿ ನಡುವೆ 14 ನಿಮಿಷ ಹಿಂದೆ ಬೀಳುತ್ತಾನೆ. ವಿಶಾಖಪಟ್ಟಣದಲ್ಲಿ ನಿಜವಾದ ನಡುಹಗಲು ನವೆಂಬರ್ 3ರಂದು 11.40ಕ್ಕೇ ಮುಗಿದಿರುತ್ತದೆ. ವಿಜಯವಾಡದಲ್ಲಿ ಫೆಬ್ರವರಿ 11ರಂದು 12.21ರವರೆಗೆ ಕಾಯಬೇಕು.

ಯುರೋಪಿನ ನೆರಳು ಗಡಿಯಾರದ ನಕ್ಷೆಗಳನ್ನು ನಕಲು ಮಾಡಲು ಹೊರಟವರು ಇಲ್ಲಿ ಎಡವುತ್ತಾರೆ. ವಿಶಾಖಪಟ್ಟಣದ ಅಕ್ಷಾಂಶ 17.7°, ವಿಜಯವಾಡದ್ದು 16.5°. ನೆಲಕ್ಕೆ ಸಮವಾಗಿ ಹಾಸಿದ ನೆರಳು ಗಡಿಯಾರದಲ್ಲಿ ಹನ್ನೆರಡು ಮತ್ತು ಒಂದು ಗಂಟೆಯ ಗೆರೆಗಳ ನಡುವೆ ಲಂಡನ್ನಿನಲ್ಲಿ 12 ಡಿಗ್ರಿಯಷ್ಟು ಜಾಗ ಸಿಗುತ್ತದೆ. ವಿಶಾಖಪಟ್ಟಣದಲ್ಲಿ ಐದು ಡಿಗ್ರಿಯೂ ಇಲ್ಲ. ನಡುಹಗಲಿನ ಗೆರೆಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಓದಲಾಗದಂತಾಗುತ್ತವೆ. ವಿಷುವದ್ವೃತ್ತಕ್ಕೆ ಸಮಾಂತರವಾಗಿ ತಟ್ಟೆ ನಿಲ್ಲಿಸುವ ಮಾದರಿಯೇ ಇಲ್ಲಿ ವಾಸಿ: ಗಂಟೆಗೆ 15 ಡಿಗ್ರಿಯಂತೆ ಸಮ ಭಾಗ, ಬೇಸಿಗೆಯಲ್ಲಿ ಉತ್ತರದ ಮುಖಕ್ಕೆ ಬಿಸಿಲು, ಚಳಿಗಾಲದಲ್ಲಿ ದಕ್ಷಿಣದ ಮುಖಕ್ಕೆ.

ಯಂತ್ರರಾಜದ್ದೂ ಇದೇ ಪಾಡು. ಮಕರ ಸಂಕ್ರಾಂತಿ ವೃತ್ತವೇ ತಟ್ಟೆಯ ಅಂಚು. ಅದರ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ವಿಷುವದ್ವೃತ್ತ 6.56, ಕರ್ಕಾಟಕ ವೃತ್ತ 4.31 ಸೆಂಟಿಮೀಟರ್ ಆಗುತ್ತದೆ. ಇಷ್ಟು ಊರಿಂದೂರಿಗೆ ಬದಲಾಗದು. ಬದಲಾಗುವುದು ದಿಗಂತದ ಕಮಾನು. ಲಂಡನ್ನಿಗೆ ಅದರ ತ್ರಿಜ್ಯ 8.4 ಸೆಂಟಿಮೀಟರ್, ವಿಶಾಖಪಟ್ಟಣಕ್ಕೆ 21.6. ಶಾಲೆಯ ಕೈವಾರ ಅಷ್ಟು ಅಗಲಿಸುವುದಿಲ್ಲ. ಮೊಳೆ ಹೊಡೆದು ದಾರ ಕಟ್ಟಿ ಎಳೆಯಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ಬರೆದು ಮುದ್ರಿಸಬೇಕು.

ಎತ್ತರ ಅಳೆಯುವಾಗ ಸೂರ್ಯನತ್ತ ಕಣ್ಣಿಡಬಾರದು. ಅಳತೆ ಪಟ್ಟಿಯ ಮೇಲಿನ ರಂಧ್ರದಿಂದ ಬಂದ ಬೆಳಕು ಕೆಳಗಿನ ರಂಧ್ರದ ಮೇಲೆ ಬೀಳುವಂತೆ ಹಿಡಿದರೆ ಆಯಿತು. ರಟ್ಟಿನ ಉಪಕರಣ ಒಂದು ಡಿಗ್ರಿ ತಪ್ಪಿದರೂ ಬೆಳಗ್ಗೆ, ಸಂಜೆ ನಾಲ್ಕು ನಿಮಿಷದ ವ್ಯತ್ಯಾಸ. ನಡುಹಗಲಿನ ಹೊತ್ತಿಗೆ ಸೂರ್ಯನ ಎತ್ತರ ಹೆಚ್ಚು ಬದಲಾಗದ ಕಾರಣ ತಪ್ಪು ಇನ್ನೂ ದೊಡ್ಡದು. ಆ ಹೊತ್ತಿಗೆ ಶಂಕುವೇ ಸರಿ. ಸಮತಟ್ಟಾದ ತಾರಸಿಯ ಮೇಲೆ ವೃತ್ತ ಎಳೆದು, ನಡುವೆ ಕೋಲು ನೆಟ್ಟು, ಬೆಳಗ್ಗೆ ಮತ್ತು ಮಧ್ಯಾಹ್ನ ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಗುರುತಿಸಿದರೆ ಪೂರ್ವ-ಪಶ್ಚಿಮ ಸಿಕ್ಕಿತು. ಸೂರ್ಯಸಿದ್ಧಾಂತ ಹೇಳುವ ಈ ವಿಧಾನ ದಿಕ್ಸೂಚಿಗಿಂತ ನಂಬಿಕಸ್ಥ; ತಾರಸಿಯೊಳಗಿನ ಕಬ್ಬಿಣದ ಸರಳುಗಳಿಗೆ ದಿಕ್ಸೂಚಿಯ ಮುಳ್ಳು ಮರುಳಾಗುತ್ತದೆ.

ವಿಶಾಖಪಟ್ಟಣಕ್ಕೆ ಇಂಥ ಹವ್ಯಾಸ ಹೊಸದಲ್ಲ. ಜಮೀನ್ದಾರ ಮನೆತನದ ಗೋಡೆ ವೆಂಕಟ ಜಗ್ಗಾರಾವ್ ಮದ್ರಾಸ್ ವೀಕ್ಷಣಾಲಯದ ಟಿ.ಜಿ. ಟೇಲರ್ ಬಳಿ ಖಗೋಳ ಕಲಿತು, 1840ರಲ್ಲಿ ಡಾಬಾ ಗಾರ್ಡನ್ಸ್‌ನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಸಿದರು. ಡಾಲ್ಫಿನ್ಸ್ ನೋಸ್ ಗುಡ್ಡದ ಧ್ವಜಸ್ತಂಭದಿಂದ ಊರಿಗೆ ಸಮಯ ಸೂಚಿಸುವ ಏರ್ಪಾಡೂ ಅವರದೇ. ಅವರ ನಂತರ ಅಳಿಯ ಅಂಕಿತಂ ವೆಂಕಟ ನರಸಿಂಗರಾವ್ ಕೆಲಸ ಮುಂದುವರಿಸಿ 1874ರ ಶುಕ್ರ ಸಂಕ್ರಮವನ್ನು ವೀಕ್ಷಿಸಿದರು. ಆಗಿನ್ನೂ ಭಾರತೀಯ ಕಾಲಮಾನ ಹುಟ್ಟಿರಲಿಲ್ಲ. ಅದು ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೂ ಮುಂಚೆ ರೈಲುಗಳು ಮದ್ರಾಸ್ ಸಮಯ ಪಾಲಿಸುತ್ತಿದ್ದವು. ಮದ್ರಾಸಿಗೂ ವಿಜಯವಾಡಕ್ಕೂ ಒಂದೂವರೆ ನಿಮಿಷದ ಅಂತರವಷ್ಟೇ.

ಎರಡು ನಗರಗಳ ನಡುವೆ, ತುನಿಯ ಸಮೀಪದ ಅನ್ನವರಂ ಸತ್ಯನಾರಾಯಣಸ್ವಾಮಿ ಗುಡಿಯಲ್ಲಿ ಭಕ್ತರು ಗಡಿಯಾರಕ್ಕೆ ಹೋಲಿಸಿ ನೋಡುವ ನೆರಳು ಗಡಿಯಾರವೊಂದಿದೆ. ಊರು 82.5° ರೇಖೆಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ರೇಖಾಂಶದ ತಿದ್ದುಪಡಿ ಬಹುತೇಕ ಬೇಕಿಲ್ಲ, ಕಾಲ ಸಮೀಕರಣ ಮಾತ್ರ ಸಾಕು.

ನಡುಹಗಲಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವ ‘ನೆರಳಿಲ್ಲದ ದಿನ’ ವಿಜಯವಾಡಕ್ಕೆ ಮೇ 6ರ ಸುಮಾರಿಗೆ, ವಿಶಾಖಪಟ್ಟಣಕ್ಕೆ ಅದಾದ ನಾಲ್ಕು ದಿನಕ್ಕೆ ಬರುತ್ತದೆ. ಆಗಸ್ಟ್ ಮೊದಲ ವಾರದ ಎರಡನೆಯ ಸರದಿಯಲ್ಲಿ ಕ್ರಮ ತಿರುಗುಮುರುಗು: ವಿಶಾಖಪಟ್ಟಣವೇ ಮೊದಲು. ಅದು ಮಳೆಗಾಲವಾದ್ದರಿಂದ ಅಳತೆಗೆ ಮೇ ತಿಂಗಳನ್ನೇ ನೆಚ್ಚಿಕೊಳ್ಳುವುದು ಒಳಿತು.