ಎರೆ ನೆಲ, ಜೀಪು ಮತ್ತು ಆರ್‌ಸಿ

ಮಳೆಗಾಲದಲ್ಲಿ ನಮ್ಮ ಅತನೂರ ಕಡೆಯ ಎರೆ ಹೊಲಕ್ಕೆ ಇಳಿದವರಿಗೆ ಗೊತ್ತು, ಗಾಲಿಗೆ ಮಣ್ಣು ಮೆತ್ತಿ ಬಂಡಿಯೂ ಅಲ್ಲೇ ನಿಲ್ಲುತ್ತದೆ. ಇಂಥ ನೆಲಕ್ಕೆ ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕು. ಎರಡನೇ ಮಹಾಯುದ್ಧಕ್ಕೆಂದು 1941ರಿಂದ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪು ಅಂಥದ್ದು. ಆ ದಶಕದ ಕೊನೆಗೆ ಮಹೀಂದ್ರ ಕಂಪನಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು.

ಮೊದಲಿನ ಜೀಪುಗಳು ಪೆಟ್ರೋಲಿನವು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲು ತುಟ್ಟಿಯಾಯಿತು. ಕಂಪನಿ ಮುಂದೆ ಪ್ಯೂಜೋ ಡೀಸೆಲ್ ಎಂಜಿನ್ ತಂದಿತು. ಹಳೆ ಜೀಪಿನವರು ಗ್ಯಾರೇಜಿನಲ್ಲೇ ಡೀಸೆಲ್ ಎಂಜಿನ್ ಕೂರಿಸಿಕೊಂಡರು.

ತೊಡಕು ಇರುವುದು ಇಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಕಡಿವಾಣ ಹಾಕಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಳೆ ಜೀಪು ಕೊಳ್ಳುವವರು ಬಣ್ಣ ನೋಡುವ ಮೊದಲು ಎಂಜಿನ್, ಚಾಸಿ ನಂಬರುಗಳು ಆರ್‌ಸಿಗೆ ತಾಳೆಯಾಗುತ್ತವೆಯೇ ನೋಡಿ.